ಹೋಲಿಸುವವನು ಪ್ರೇಮಿಯಲ್ಲ

ನಾಟಕ ತಂಡದವರೆಲ್ಲ ಅವಳನ್ನು ರಾಣಿ ಎಂದೇ ಕರೆಯುತ್ತಿದ್ದರು. ಈ ಸಲ ಅವಳದು ಶತ್ರುರಾಜನ ಮಗಳ ಪಾತ್ರ. ಅವಳನ್ನು ಪ್ರೀತಿಸುವ ಸೇನಾಪತಿಯ ಪಾತ್ರ ಮಾಡುವವನ ಜೊತೆಗೇ ಅವಳ ಮದುವೆಯೂ ಗೊತ್ತಾಗಿತ್ತು.

ನಾಟಕ ಹಳೆಯದು, ದುರಂತದ್ದು. ಸೇನಾಪತಿಯ ಹುಚ್ಚು ಬಿಡಿಸಲೆಂದು ಗೆಳೆಯ ಅವನನ್ನು ಅರಮನೆಯ ಔತಣಕ್ಕೆ ಕರೆತಂದು, "ಈ ಚೆಲುವೆಯರ ಪಕ್ಕ ನಿಲ್ಲಿಸಿ ನೋಡು, ನಿನ್ನ ಚಂದ್ರ ಬರೀ ಹಣತೆಯಾದೀತು" ಎನ್ನುತ್ತಾನೆ. "ಹೋಲಿಸುವವನು ಪ್ರೇಮಿಯಲ್ಲ, ವ್ಯಾಪಾರಿ" ಎಂದು ಸೇನಾಪತಿ ಮುಖ ತಿರುಗಿಸುತ್ತಾನೆ. ತಾಲೀಮಿನಲ್ಲಿ ಆ ಮಾತು ಬಂದಾಗಲೆಲ್ಲ ರಾಣಿ ಕೈಲಿದ್ದ ಕೆಲಸ ಬಿಟ್ಟು ಅವನನ್ನೇ ನೋಡುತ್ತಿದ್ದಳು.

ಪ್ರದರ್ಶನದ ಸಂಜೆ ತನ್ನನ್ನು ಮದುವೆಯಾಗಲಿದ್ದವನ ಹರಿದ ಮೇಲಂಗಿಗೆ ಪಿನ್ನು ಹಾಕಲು ಗಂಡಸರ ಬಣ್ಣದ ಕೋಣೆಗೆ ಹೋದಳು. ಬಾಗಿಲ ಪರದೆಯಾಚೆ ಗೆಳೆಯನ ಪಾತ್ರದವನು ಕೇಳುತ್ತಿದ್ದ: "ನಿಜ ಹೇಳೋ, ನಮ್ಮ ಹೆಂಗಸರಲ್ಲಿ ಯಾರು ಚೆನ್ನಾಗಿದಾರೆ?"

ದನದ ಹಲ್ಲು ಹಿಡಿದು ನೋಡುವ ದಲ್ಲಾಳಿಯಂತೆ ಸೇನಾಪತಿಯ ಪಾತ್ರದವನು ಒಬ್ಬೊಬ್ಬರನ್ನೇ ಎಣಿಸಿದ. ಒಬ್ಬಳ ಹಲ್ಲು, ಇನ್ನೊಬ್ಬಳ ಎದೆ, ಮತ್ತೊಬ್ಬಳ ನಡಿಗೆ. ಸಖಿಯ ಪಾತ್ರ ಮಾಡುವ ರಾಣಿಯ ತಂಗಿಯ ಸರದಿ ಬಂತು. "ಮುಖಕ್ಕೊಂದು ಚೀಲ ಹಾಕಿದ್ರೆ ಅಕ್ಕನನ್ನೂ ಮೀರಿಸ್ತಾಳೆ. ಆದ್ರೂ ಮೊದಲ ಸ್ಥಾನ ನಮ್ಮವಳಿಗೇ. ಸೊಂಟ ಒಂಚೂರು ಇಳೀಬೇಕು, ಮದುವೆಯಾದ್ಮೇಲೆ ಇಳಿಸ್ತೀನಿ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ರಾಣಿ ಪರದೆ ಸರಿಸಿದಳು.

"ಎಲ್ಲಾ ಕೇಳಿಸ್ತು."

"ಕೇಳಿಸಿದ್ರೆ ಮತ್ತೇನು? ನಿನ್ನನ್ನೇ ಮೇಲಿಟ್ಟೆನಲ್ಲೇ! ಖುಷಿಪಡೋದು ಬಿಟ್ಟು..."

"ನನ್ನ ತಂಗಿ ಬಗ್ಗೆ ಅಂದದ್ದು?"

"ಗಂಡಸರ ಹರಟೆ. ಈ ಕಿವೀಲಿ ಕೇಳಿ ಆ ಕಿವೀಲಿ ಬಿಡು" ಎಂದು ಅವಳ ಗಲ್ಲ ಹಿಂಡಿದ. ಅವನ ಬೆರಳಿನ ಜಿಡ್ಡು ಬಣ್ಣ ಅವಳಿಗೆ ಅಂಟಿತು. ಮೈಮೇಲೆ ಹಲ್ಲಿ ಬಿದ್ದಂತಾಯಿತು.

ಔತಣದ ದೃಶ್ಯದಲ್ಲಿ ಅವನ ಮಾತಿಗೆ ಸಭೆ ಚಪ್ಪಾಳೆ ತಟ್ಟಿತು. ಪಕ್ಕದ ಪರದೆಯ ಮರೆಯಲ್ಲಿ ನಿಂತ ರಾಣಿ ಗಲ್ಲಕ್ಕೆ ಅಂಟಿದ ಜಿಡ್ಡನ್ನು ಸೆರಗಿನಿಂದ ಉಜ್ಜಿದಳು.

ಕೊನೆಯ ದೃಶ್ಯ. ಸತ್ತ ಸೇನಾಪತಿಯ ತಲೆಯನ್ನು ತೊಡೆಗೇರಿಸಿಕೊಂಡು, ಹಣೆಗೆ ಮುತ್ತಿಟ್ಟು ಅವಳು ಇರಿದುಕೊಂಡು ಸಾಯಬೇಕು. ಹತ್ತಿರ ಹೋದಳು. ಅರೆಮುಚ್ಚಿದ ರೆಪ್ಪೆಯಡಿ ಅವನ ಕಣ್ಣು ಅವಳ ಸೊಂಟದ ಮೇಲೇ ಇತ್ತು. ಕಾಲು ತಾನಾಗಿ ಹಿಂದೆ ಸರಿಯಿತು. ದೂರದಲ್ಲೇ ನಿಂತು ಮಾತು ಮುಗಿಸಿ, ಕಠಾರಿಯಿಂದ ಇರಿದುಕೊಂಡು ಸಿಂಹಾಸನದ ಬಳಿ ಬಿದ್ದಳು.

"ಏಯ್, ಇಲ್ಲಿ ಬಾರೇ" ಎಂದು ಹೆಣ ಕತ್ತೆತ್ತಿತು. ಮುಂದಿನ ಸಾಲಿನವರು ಕಿಸಕ್ಕೆಂದರು. ಮರುಕ್ಷಣ ಸಭೆಗೆ ಸಭೆಯೇ ಗೊಳ್ಳೆಂದಿತು.

ತೆರೆ ಬಿದ್ದೊಡನೆ ನಾಟಕದ ಮೇಷ್ಟ್ರು ಕೂಗಾಡಿದರು: "ಯಾಕಮ್ಮಾ ಅವನ್ನ ಮುಟ್ಟಲಿಲ್ಲ?"

"ಹೇಸಿಗೆ ಆಯ್ತು ಮೇಷ್ಟ್ರೇ. ಈ ಮದುವೆನೂ ಆಗಲ್ಲ" ಎಂದಳು, ಎಲ್ಲರಿಗೂ ಕೇಳುವಂತೆ.

ಬಚ್ಚಲಿನಲ್ಲಿ ತಂಗಿ ಪೆಚ್ಚಾಗಿ ಕೇಳಿದಳು: "ಅಂಥದ್ದೇನಂದ ಅಕ್ಕಾ? ನೋಡೋಕೆ ಎಷ್ಟು ಚೆನ್ನಾಗಿದ್ದ! ಒಳ್ಳೇ ಜೋಡಿ ಅಂತಿದ್ರು ಎಲ್ಲರೂ."

ರಾಣಿ ಹೇಳಲೆಂದು ಬಾಯಿ ತೆರೆದಳು. ಮಾತಿನ ಬದಲು ಮಧ್ಯಾಹ್ನದ ಊಟವೇ ಬಂತು. ತಂಗಿ ಬೆನ್ನು ಸವರುತ್ತಾ ನಿಂತಳು.