ಎಲ್ಲಾ ಬ್ಯಾಂಡಿನವರಿಗೂ ಸ್ವಾಗತ

ಭದ್ರಾವತಿಯ ಹಳೇನಗರದ ಬೀದಿಯಲ್ಲಿ ಶಿವಯೋಗಿಯವರು ನಡೆದು ಬರುವುದನ್ನು ಮೊದಲ ಸಲ ಕಂಡವರು, ಪಾಪ, ಇವರ ಮೊಣಕಾಲಿಗೆ ಏನೋ ಆಗಿದೆ ಎಂದುಕೊಳ್ಳುತ್ತಿದ್ದರು. ಆಗಾಗ ಅವರ ಬಲಗಾಲು ನೆಲದಿಂದ ಗೇಣುದ್ದ ಮೇಲೆದ್ದು, ಯಾವುದೋ ಅಗೋಚರ ವಸ್ತುವನ್ನು ದಾಟಿ, ಮೆಲ್ಲಗೆ ಆಚೆ ಊರುತ್ತಿತ್ತು; ದೃಷ್ಟಿ ಸದಾ ನೆಲದ ಮೇಲೆ. ಕಾಲಿಗೆ ಏನೂ ಆಗಿರಲಿಲ್ಲ. ಮೈಕ್ ಸೆಟ್ ಬಾಡಿಗೆಗೆ ಕೊಡುವ ಉದ್ಯೋಗದಲ್ಲಿ ಆಯುಷ್ಯದ ಬಹುಭಾಗವನ್ನು ವೇದಿಕೆಗಳ ಹಿಂದೆ, ಅಡ್ಡಾದಿಡ್ಡಿ ಬಿದ್ದ ವೈರುಗಳ ನಡುವೆ ಕಳೆದ ಆ ಮನುಷ್ಯ, ವೈರುಗಳೇ ಇಲ್ಲದ ಕಡೆಯಲ್ಲೂ ಅವನ್ನು ದಾಟುತ್ತಲೇ ಇದ್ದರು. ಮನೆಯಲ್ಲಿ ಊಟಕ್ಕೆ ಎದ್ದು ಬರುವಾಗಲೂ ಇದೇ ನಡಿಗೆ ಎಂದು ಅವರ ಪತ್ನಿ ವೀರಮ್ಮನವರು ನನ್ನಲ್ಲಿ ದೂರಿದ್ದುಂಟು.

ಹಣೆಯಲ್ಲಿ ವಿಭೂತಿ, ಮೈಮೇಲೆ ಕಂದು ಕೋಟು. ವೈಶಾಖದ ಉರಿಬಿಸಿಲಿನಲ್ಲಿ ಕಾರ್ಖಾನೆಯ ಊರಿಗೆ ಊರೇ ಬನಿಯನ್ನಿಗೆ ಇಳಿದಿರುವಾಗಲೂ ಆ ಕೋಟು ಅವರ ದೇಹವನ್ನು ಬಿಟ್ಟು ಕದಲುತ್ತಿರಲಿಲ್ಲ. ಅದರ ಜೇಬುಗಳಲ್ಲಿ ಟೆಸ್ಟರು, ಫ್ಯೂಸ್ ವೈರು, ಕಪ್ಪು ಟೇಪು, ಮತ್ತೆ ಗಂಟಲು ಕಟ್ಟಿದ ಭಾಷಣಕಾರರಿಗೆಂದು ಶುಂಠಿ ಪೆಪ್ಪರಮೆಂಟು. ಮಾತಿನ ಕೊನೆಯಲ್ಲಿ ತಪ್ಪದೆ 'ಕೇಳಿಸ್ತಾ?' ಎನ್ನುವುದು ಅವರ ಇನ್ನೊಂದು ವ್ರತ. ಒಮ್ಮೆ ಅವರ ಅಂಗಡಿಯಲ್ಲಿ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕುಳಿತಿದ್ದಾಗಲೂ ಹಾಗೆಂದರು. ನನಗೆ ತಡೆಯಲಾಗಲಿಲ್ಲ. "ಕೇಳಿಸ್ತು ಸ್ವಾಮಿ, ಸೇತುವೆಯ ಆಚೆಗೂ ಕೇಳಿಸ್ತು" ಎಂದೆ. ಅವರು ನಗಲಿಲ್ಲ.

"ಹಾಗಲ್ಲ ಮೇಷ್ಟ್ರೇ. ಮುಂದಿನ ಸಾಲಿಗೆ ಮೈಕ್ ಇಲ್ದಿದ್ರೂ ಕೇಳಿಸ್ತದೆ. ನಾನಿರೋದು ಹಿಂದಿನ ಸಾಲಿಗೆ" ಎಂದರು.

ನಾನಾಗ ಶಿವಮೊಗ್ಗದ ಕೋಟೆಯ ಹತ್ತಿರ ಮನೆ ಮಾಡಿಕೊಂಡು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಕಾಲೇಜಿನ ಸಮಾರಂಭಗಳಿಗೆಲ್ಲ ಅವರದೇ ಮೈಕಾದ್ದರಿಂದ ಪರಿಚಯ ಬೆಳೆದು ಸ್ನೇಹವಾಗಿತ್ತು. ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಬೇಸಿಗೆಯಲ್ಲಿ ನನ್ನ ವಿದ್ಯಾರ್ಥಿ ಮಧು, ಭುಜದವರೆಗೆ ಕೂದಲು ಬಿಟ್ಟು ಗಿಟಾರನ್ನು ಸದಾ ಬೆನ್ನಿಗೇರಿಸಿಕೊಂಡು ತಿರುಗುತ್ತಿದ್ದ ಹುಡುಗ, ಒಂದು ರಾಕ್ ಕಾರ್ಯಕ್ರಮಕ್ಕೆ ಸ್ಪೀಕರು ಬೇಕೆಂದು ನನ್ನನ್ನು ಮುಂದಿಟ್ಟುಕೊಂಡು ಅವರ ಅಂಗಡಿಗೆ ಬಂದ. ಅವನ ತಂಡದ ಹೆಸರು 'ರಸ್ಟ್'. ಶಿವಯೋಗಿಯವರು ಅರ್ಥ ಕೇಳಿ ತಿಳಿದುಕೊಂಡರು.

"ಕಬ್ಬಿಣದ ಊರಿಗೆ ಬಂದು ತುಕ್ಕು ಅಂತ ಹೆಸರಿಟ್ಕೊಂಡಿದೀಯಲ್ಲೋ ಮಾರಾಯ" ಎಂದರು. ಆಮೇಲೆ ಅವರೇ, "ಒಂದೇ ತಂಡಕ್ಕೆ ಅಷ್ಟೊಂದು ಸ್ಪೀಕರ್ ಯಾಕೆ ಎತ್ತಿಳಿಸೋದು? ಎಲ್ಲರನ್ನೂ ಕರೆಯೋಣ. ಒಂದು ಹಬ್ಬಾನೇ ಮಾಡೋಣ. ಕೇಳಿಸ್ತಾ?" ಎಂದರು.

ಎಲ್ಲರೂ ಎಂದರೆ ಯಾರು ಯಾರೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲಿ ಇರಲಿಲ್ಲ. ಕ್ರಿಸ್‌ಮಸ್‌ಗೆ ಮೈಕ್ ಒಯ್ದಲ್ಲಿ ನ್ಯೂಟೌನಿನ ಚರ್ಚಿನ ತಮಿಳು ಸಹೋದರರ ಗಿಟಾರು ಕೇಳಿದ್ದರು. ಗಣಪತಿ ಪೆಂಡಾಲುಗಳಲ್ಲಿ ಶಿವಮೊಗ್ಗದ ಆರ್ಕೆಸ್ಟ್ರಾದವರ ಕೀಬೋರ್ಡು ಕೇಳಿದ್ದರು. ಅವರೆಲ್ಲರಿಗೂ ಹೇಳಿ ಕಳಿಸಿದರು. ಇಷ್ಟು ಸಾಲದೆಂಬಂತೆ ಒಂದು ಕರಪತ್ರ ಅಚ್ಚು ಹಾಕಿಸಿ ಎರಡೂ ಊರುಗಳಲ್ಲಿ ಹಂಚಿಸಿದರು. ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ, 'ಎಲ್ಲಾ ಬ್ಯಾಂಡಿನವರಿಗೂ ಸ್ವಾಗತ' ಎಂದಿತ್ತು.

ಎಡವಟ್ಟಾದದ್ದು ಇಲ್ಲಿ. ನಮ್ಮ ಕಡೆ ಬ್ಯಾಂಡು ಎಂದರೆ ಮದುವೆಯ ಬ್ಯಾಂಡು. ಕೆಂಪು ಕೋಟು, ಹಿತ್ತಾಳೆಯ ಟ್ರಂಪೆಟ್ಟು, ಮೆರವಣಿಗೆಯ ಮುಂದೆ ನಡೆಯುವ ಡ್ರಮ್ಮು. ಗಿಟಾರಿನ ಗುಂಗಿನಲ್ಲಿದ್ದ ಮಧುವಿಗೂ ಅವನ ಗುಂಗು ಹತ್ತಿಸಿಕೊಂಡಿದ್ದ ಶಿವಯೋಗಿಯವರಿಗೂ ಇದು ಹೊಳೆಯಲೇ ಇಲ್ಲ. ಜನ್ನಾಪುರದ ಬ್ಯಾಂಡ್ ಮಾಸ್ಟರ್ ಪುಟ್ಟಯ್ಯ ಕರಪತ್ರ ಓದಿಸಿಕೊಂಡು ಅಂಗಡಿಗೆ ಬಂದಾಗ ಗಲ್ಲಾದಲ್ಲಿ ಕುಳಿತಿದ್ದವರು ವೀರಮ್ಮನವರು. ಹೆಸರು ಬರೆದುಕೊಂಡು, ಮಜ್ಜಿಗೆ ಕೊಟ್ಟು ಕಳಿಸಿದರು. ಆಮೇಲೆ ಅಚ್ಚಾಗಿ ಬಂದ ಹಬ್ಬದ ಪೋಸ್ಟರಿನಲ್ಲಿ 'ಪುಟ್ಟಯ್ಯ ಅಂಡ್ ಪಾರ್ಟಿ' ಎಂದು ಕಂಡಾಗ ಮಧು, "ಬೆಂಗಳೂರಿನ ತಂಡ ಇರ್ಬೇಕು ಸಾರ್, ಅಲ್ಲಿಯವರು ಬೇಕಂತಲೇ ಹಿಂಗೆಲ್ಲ ಹೆಸರಿಡ್ತಾರೆ" ಎಂದು ನನಗೇ ವಿವರಿಸಿದ. ನಾನೂ ತಲೆಯಾಡಿಸಿದೆ.

ಹಬ್ಬದ ದಿನ ಮಧ್ಯಾಹ್ನ ನ್ಯೂಟೌನಿನ ಮೈದಾನದಲ್ಲಿ ಕುರ್ಚಿ ತುಂಬಿ, ಪಾಳಿ ಮುಗಿಸಿ ಬಂದ ಕಾರ್ಮಿಕರು ಕಾಂಪೌಂಡಿನ ಮೇಲೆಲ್ಲ ಹತ್ತಿ ಕುಳಿತಿದ್ದರು. ಚರ್ಚಿನ ಸಹೋದರರು ಮುಗಿಸಿ, ಆರ್ಕೆಸ್ಟ್ರಾದವರು ಚಪ್ಪಾಳೆ ಗಿಟ್ಟಿಸುತ್ತಿದ್ದ ಹೊತ್ತಿಗೆ ಸಿಟಿ ಬಸ್ಸಿನಿಂದ ಕೆಂಪು ಕೋಟಿನ ತಂಡವೊಂದು ಡ್ರಮ್ಮುಗಳ ಸಮೇತ ಇಳಿಯಿತು. ಮಧು ಶಿವಯೋಗಿಯವರ ಬಳಿಗೆ ಓಡಿದ.

"ಅಂಕಲ್, ಇದು ರಾಕ್. ಮದುವೆ ಅಲ್ಲ. ಶಿವಮೊಗ್ಗದಿಂದ ಕಾಲೇಜಿನವರೆಲ್ಲ ಬಂದಿದಾರೆ, ನಗ್ತಾರೆ. ಏನಾದ್ರೂ ಹೇಳಿ ವಾಪಸ್ ಕಳಿಸಿ."

ಮಾತು ಪುಟ್ಟಯ್ಯನ ಕಿವಿಗೂ ಬಿತ್ತು. ಕ್ಲಾರಿಯೋನೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಮುಂದೆ ಬಂದ.

"ತಪ್ಪು ತಿಳ್ಕಂಡ್ವಿ ಅಂತ ಕಾಣ್ತದೆ ಯಜಮಾನ್ರೇ. ನಾವು ಬಾರಿಸೋವಾಗ ಜನ ಒಂದೋ ಕುಣೀತಾರೆ, ಇಲ್ಲಾ ನಮ್ಗೆ ಬೆನ್ನು ಹಾಕ್ಕೊಂಡು ಛತ್ರದ ಒಳಗೆ ಹೋಗ್ತಾರೆ. ಕುಂತ್ಕಂಡು, ನಮ್ಮ ಮಕ ನೋಡ್ಕಂಡು ಕೇಳ್ದೋರು ಇದುವರ್ಗೂ ಒಬ್ರೂ ಇಲ್ಲ. ಒಂದ್ಸಲ ಅದಾಗ್ಲಿ ಅಂತ ಬಂದ್ವಿ. ಬಿಡಿ, ಇದೇ ಬಸ್ಸಿಗೆ ಹೋಗ್ತೀವಿ."

ಶಿವಯೋಗಿಯವರು ಪೋಸ್ಟರಿನ ಕಡೆ ಕೈ ಮಾಡಿ, "ಮಧು, ಬ್ಯಾಂಡು ಅಂತ ಕರೆದವರು ನಾವು. ಬಂದವರು ಬ್ಯಾಂಡು. ಆರ್ಕೆಸ್ಟ್ರಾ ಆದ ತಕ್ಷಣ ಇವರು, ಆಮೇಲೆ ನೀನು" ಎಂದರು. ಅವರ ದನಿ ಏರಿರಲಿಲ್ಲ. ಅದಕ್ಕೇ ಇರಬೇಕು, ಮಧು ಗಿಟಾರನ್ನು ಬೆನ್ನಿನಿಂದ ಇಳಿಸಿ ಪಕ್ಕಕ್ಕೆ ಸರಿದು ನಿಂತ.

ವೇದಿಕೆ ಹತ್ತಿದ ಪುಟ್ಟಯ್ಯನ ತಂಡ ಸಾಲಾಗಿ ನಿಂತು ಶುರು ಮಾಡಿತು, ಮಾಡಿದೊಡನೆ ಮುಗ್ಗರಿಸಿತು. ಟ್ರಂಪೆಟ್ಟು ಒಂದು ಕಡೆ ಎಳೆದರೆ ಡ್ರಮ್ಮು ಇನ್ನೊಂದು ಕಡೆ. ಅಪಸ್ವರ ಲೌಡ್‌ಸ್ಪೀಕರಿನಲ್ಲಿ ದುಪ್ಪಟ್ಟಾಗಿ ಮೈದಾನದ ತುಂಬ ಹರಡಿತು. ಹಿಂದಿನಿಂದ ಯಾರೋ, "ಗಂಡು ಎಲ್ಲಪ್ಪಾ?" ಎಂದು ಕೂಗಿದ, ಕಾಲೇಜಿನ ಹುಡುಗರು ಶಿಳ್ಳೆ ಹೊಡೆದರು. ಪುಟ್ಟಯ್ಯನ ಕೊರಳ ನರ ಉಬ್ಬಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಸಾಕೆನಿಸಿತು ನನಗೆ.

ಶಿವಯೋಗಿಯವರು ಮಾತ್ರ ಆ ತಂಡದವರ ಪಾದಗಳನ್ನು ನೋಡುತ್ತಿದ್ದರು. ನೋಡುತ್ತ ನೋಡುತ್ತ ಎದ್ದು, ವೈರುಗಳನ್ನು ದಾಟಿ ವೇದಿಕೆಗೆ ಹೋದರು.

"ಪುಟ್ಟಯ್ಯನೋರೇ, ನಿಂತ್ಕೊಂಡು ಯಾವಾಗಾದ್ರೂ ನುಡಿಸಿದೀರಾ?"

ಅವನು ಯೋಚಿಸಿದ. "ಇಲ್ಲ ಯಜಮಾನ್ರೇ. ನಾವು ನಡೀತಾನೇ ಕಲ್ತಿದ್ದು. ಕಾಲು ನಿಂತ್ರೆ ತಾಳ ಸಿಗಲ್ಲ."

"ಹಾಗಿದ್ರೆ ಇಳೀರಿ, ನಡೀರಿ. ಈ ಮೈದಾನ ಪೂರ್ತಿ ನಿಮ್ಮದು." ಆಮೇಲೆ ಮೈಕಿಗೆ ಬಾಯಿಟ್ಟು ಜನಕ್ಕೆ ಹೇಳಿದರು: "ಯಾರೂ ಏಳಬೇಡಿ. ಅವರು ನಡೀತಾರೆ, ನೀವು ಕೂತು ಕೇಳಿ." ಇಷ್ಟು ಹೇಳಿ, ಮೈಕೇ ಬದುಕಾಗಿದ್ದ ಆ ಮನುಷ್ಯ ಮೈಕನ್ನು ಆಫ್ ಮಾಡಿಬಿಟ್ಟರು.

ಕೆಂಪು ಕೋಟುಗಳು ಮೆಟ್ಟಿಲಿಳಿದು ನೆಲಕ್ಕೆ ಕಾಲಿಟ್ಟವು. ಮೊದಲ ಹೆಜ್ಜೆಗೆ ಸೈಡ್ ಡ್ರಮ್ಮು ಸರಿಹೋಯಿತು, ಮುಂದಿನ ಹೆಜ್ಜೆಗೆ ದೊಡ್ಡ ಡ್ರಮ್ಮು ಅದರ ಕೈ ಹಿಡಿಯಿತು, ಕುರ್ಚಿಗಳ ಸಾಲು ತಿರುಗುವ ಹೊತ್ತಿಗೆ ಪುಟ್ಟಯ್ಯನ ಕ್ಲಾರಿಯೋನೆಟ್ಟು ಮೋಹನ ರಾಗದ ಒಂದು ಎಳೆಯನ್ನು ಎತ್ತಿಕೊಂಡು ಏರಿತು. ತಂಡ ಎಡಕ್ಕೆ ನಡೆದರೆ ಮೈದಾನದ ಮುಖಗಳೆಲ್ಲ ಎಡಕ್ಕೆ, ಹಿಂದಕ್ಕೆ ಹೋದರೆ ಹಿಂದಕ್ಕೆ. ಕುತ್ತಿಗೆ ಸಾಲದೆ ಜನ ಕುರ್ಚಿಗಳನ್ನೇ ತಿರುಗಿಸಿಕೊಂಡು ಕುಳಿತರು. ವೇದಿಕೆಯ ಕಡೆ ಮುಖ ಮಾಡಿದವರೇ ಉಳಿಯಲಿಲ್ಲ. ಹಿಂದಿನ ಸಾಲು ಮುಂದಿನ ಸಾಲಾಯಿತು. ಒಬ್ಬರೂ ಕುಣಿಯಲಿಲ್ಲ, ಕುಳಿತು, ಆ ಬೆವರಿದ ಮುಖಗಳನ್ನು ನೋಡುತ್ತ ಕೇಳಿದರು. ಎರಡನೆಯ ಸುತ್ತಿಗೆ ಲಯ ದ್ರುತಕ್ಕೆ ಹೊರಳಿದಾಗ 'ರಸ್ಟ್' ತಂಡದ ಡ್ರಮ್ಮರ್ ರಶ್ಮಿ ಯಾರನ್ನೂ ಕೇಳದೆ ವೇದಿಕೆ ಹತ್ತಿ ತನ್ನ ಕೋಲುಗಳನ್ನು ಎತ್ತಿಕೊಂಡಳು. ನೆಲದ ಡ್ರಮ್ಮು ಕೇಳಿತು, ವೇದಿಕೆಯ ಡ್ರಮ್ಮು ಉತ್ತರಿಸಿತು. ನನಗೆ ರಾಕ್ ಸಂಗೀತದ ಗಂಧವಿಲ್ಲ. ಅಂದು ಮಾತ್ರ ಮೈ ಜುಮ್ಮೆಂದದ್ದು ನಿಜ.

ಮುಗಿದಾಗ ಎದ್ದ ಚಪ್ಪಾಳೆಗೆ ಪುಟ್ಟಯ್ಯ ಕಕ್ಕಾಬಿಕ್ಕಿಯಾದ. ಬಾರಿಸುವುದು ಮುಗಿಯಿತೆಂದರೆ ಎದುರಿಗೆ ಜನವೇ ಇರುವುದಿಲ್ಲ ಎಂಬುದಕ್ಕೆ ಒಗ್ಗಿಹೋಗಿದ್ದ ಆತ, ಜನ ಎಲ್ಲೂ ಹೋಗದೆ ಇನ್ನೂ ತನ್ನ ಕಡೆಗೇ ನೋಡುತ್ತಿರುವುದನ್ನು ಕಂಡು, ಏನು ಮಾಡುವುದೆಂದು ತಿಳಿಯದೆ ಕ್ಲಾರಿಯೋನೆಟ್ಟನ್ನು ಎದೆಗೊತ್ತಿಕೊಂಡು ನಿಂತ. 'ಗಂಡು ಎಲ್ಲಪ್ಪಾ' ಎಂದು ಕೂಗಿದ್ದ ಗಂಟಲೇ ಈಗ 'ಒನ್ಸ್ ಮೋರ್' ಎಂದಿತು. ಮಧು ನನ್ನ ಬಳಿ ಬಂದು, ನಗುವುದೋ ಅಳುವುದೋ ತಿಳಿಯದ ಮುಖದಲ್ಲಿ, "ಇವರಾದ ಮೇಲೆ ನಮ್ಮನ್ನ ಯಾರು ಕೇಳ್ತಾರೆ ಸಾರ್?" ಎಂದ. ಕೇಳಿದರು, ಚೆನ್ನಾಗಿಯೇ ಕೇಳಿದರು. ಮುಂದಿನ ವರ್ಷದ ಪೋಸ್ಟರಿನಲ್ಲಿ ಮೊದಲ ಹೆಸರು ಪುಟ್ಟಯ್ಯ ಅಂಡ್ ಪಾರ್ಟಿ, ಹಾಗೆ ಹಾಕಬೇಕೆಂದು ಹಟ ಹಿಡಿದವನು ಮಧುವೇ.

ಕಲೆಯ ಲೋಕದಲ್ಲಿ ಯಾರು ಯಾವ ವೇದಿಕೆಗೆ ಯೋಗ್ಯರು ಎಂದು ಅಳೆದು ಹೇಳುವ ಪಂಡಿತರಿಗೆ ಎಂದೂ ಬರವಿಲ್ಲ. ಮೇಷ್ಟರಾದ ನಾನೂ ಆ ಜಾತಿಯವನೇ. ಒಬ್ಬ ಮನುಷ್ಯ ಎಲ್ಲರೆದುರು ನಿಂತು ತಡವರಿಸಿದಾಗ ನಮ್ಮಂಥವರು ಅವನಲ್ಲಿ ಕೊರತೆ ಹುಡುಕುತ್ತೇವೆ. ಶಿವಯೋಗಿಯವರ ಕುಲದವರು ಬಹಳ ಕಡಿಮೆ, ಎಲ್ಲ ಊರುಗಳಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಅವರು ಆ ಮನುಷ್ಯನನ್ನು ಒಮ್ಮೆ ನೋಡಿ, ಅವನು ನಿಂತ ಜಾಗವನ್ನು ಒಮ್ಮೆ ನೋಡಿ, ಜಾಗವನ್ನು ಬದಲಾಯಿಸುತ್ತಾರೆ.