ಮುಚ್ಚಳ ತೆಗೆಯದ ತಂತಿ

ಮುಚ್ಚಳ ಇನ್ನೂ ಅಲ್ಲೇ ಇತ್ತು.

ಪ್ರಯೋಗಾಲಯದ ನೀರಿನ ಕಾಲುವೆಯ ಮೇಲೆ ಬಗ್ಗಿ, ವೇಗ ಅಳೆಯುವ ತಂತಿಯನ್ನು ಅವನು ಮೇಲೆತ್ತಿ ನೋಡಿದ. ತುದಿಗೆ ಪಾರದರ್ಶಕ ರಬ್ಬರ್ ಮುಚ್ಚಳ. ಅಳೆಯುವ ಮೊದಲು ತೆಗೆಯಬೇಕಾದದ್ದು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಡೀ ಚಳಿಗಾಲ ಸುತ್ತ ನೀರು ಭೋರ್ಗರೆಯುತ್ತಿದ್ದರೆ ತಂತಿ ಮಾತ್ರ ಒಳಗೆ ಬೆಚ್ಚಗೆ ಕೂತು, ಯಂತ್ರದ ಗುಂಯ್ ಸದ್ದನ್ನೇ ಬರೆದುಕೊಂಡಿತ್ತು. ಆ ಗುಂಯ್‌ಗೆ ಅವನ ಸೂತ್ರ ಕೂದಲೆಳೆಯಷ್ಟೂ ಆಚೀಚೆಯಾಗದೆ ಹೊಂದಿಕೊಂಡಿತ್ತು.

ಪ್ರಕ್ಷುಬ್ಧ ನೀರಿಗೆ, ಅಸ್ತವ್ಯಸ್ತತೆಯನ್ನು ಅಳೆಯುವ ಹಳೆಯ ಎಂಟ್ರೊಪಿ ಲೆಕ್ಕ ಸಾಲದೆಂಬುದು ಅವನ ವಾದ. ಸುಳಿಯೊಳಗೆ ಸುಳಿ ಸಿಕ್ಕಿಕೊಂಡಿರುವಾಗ ಬಿಡಿ ಕೂಡಿಸಿದರೆ ಇಡಿ ಸಿಗುವುದಿಲ್ಲ. ಹಳೆಯ ಲೆಕ್ಕ ಅಪರೂಪವೆನ್ನುವ ಹೊಡೆತಗಳು ಇಲ್ಲಿ ಮತ್ತೆ ಮತ್ತೆ ಬರುತ್ತವೆ. ಆದ್ದರಿಂದ ಹೊಸ, ವಿಶಾಲವಾದ ಎಂಟ್ರೊಪಿ. ಅದರಲ್ಲಿ ಒಂದು ಹೆಚ್ಚುವರಿ ಅಂಕಿ. ಅದರ ಕಿವಿ ಹಿಂಡಿದರೆ ನಕ್ಷೆಯಲ್ಲಿ ಗೆರೆಯ ಬಾಲ ಬೇಕಾದಷ್ಟು ಏಳುತ್ತದೆ. ನೀರಿಗೂ ಏಳುತ್ತದೆ, ಗುಂಯ್‌ಗೂ ಏಳುತ್ತದೆ. ಅವನಿಗೆ ನಗು ಬಂತು, ಆಮೇಲೆ ಹೊಳೆಯಿತು, ಹಾಗಾದರೆ ಸೂತ್ರ ಏನನ್ನೂ ಸಾಧಿಸಿಲ್ಲ.

ಹೆಂಡತಿಯ ಫೋನು.

"ಬೆಳಿಗ್ಗೆ ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು."

"ಏನು ಹೇಳಿದೆ ನಾನು?"

"ಸಂಜೆ ಮಾತಾಡೋಣ. ಸಮಿತಿ ಕಾಯ್ತಿದೆ. ಕೆಲಸ ಕಾಯಂ ಆಗೋ ದಿನ ಇವತ್ತು."

ಅವಳು ಫೋನು ಇಟ್ಟಳು.

ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು, ಎಲ್ಲ ಹೇಳಿಬಿಡಬೇಕೆಂದೇ ಹೋದ. ಸಮಿತಿಯ ಮುಖ್ಯಸ್ಥರು ಗೆರೆ ನೋಡಿ ಕಣ್ಣರಳಿಸಿದರು.

"ನೀರೇ ನಿಮ್ಮ ಸೂತ್ರ ಬಾಯಿಪಾಠ ಮಾಡಿದ ಹಾಗಿದೆಯಲ್ರೀ!"

ತೂಕಡಿಸುತ್ತಿದ್ದ ಸದಸ್ಯರೊಬ್ಬರು ಎಚ್ಚೆತ್ತರು. "ಈ ಅಂಕಿ ಏನನ್ನ ತೋರಿಸುತ್ತೆ?"

"ಹರಿವಿನ ಒಳಗಿನ ಸ್ಥಿತಿ."

ಎಲ್ಲರೂ ತಲೆದೂಗಿದರು. ಅವನು ಗಂಟಲು ಸರಿಮಾಡಿಕೊಂಡ. "ಒಂದು ಮಾತು ಹೇಳ್ಬೇಕಿತ್ತು ಸಾರ್. ಆ ತಂತಿ..."

"ಹಳೇದು, ಗೊತ್ತು. ಇನ್ನು ಕಾಯಂ ಆದ್ರಲ್ಲ, ಹೊಸದು ತರಿಸೋಣ."

"ಥ್ಯಾಂಕ್ಸ್ ಸಾರ್" ಎಂದು ಬಾಯಿ ತಾನಾಗಿ ಹೇಳಿತು. ಹೇಡಿ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡದ್ದೂ ಹಿತವಾಗಿತ್ತು.

ಮನೆಯಲ್ಲಿ ಬಾಗಿಲ ಬಳಿ ಅವಳ ಚೀಲವಿತ್ತು. ಅವಳು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು.

"ಕಾಯಂ ಆಯ್ತು" ಎಂದ.

"ಒಳ್ಳೇದು. ನಾನು ಅಕ್ಕನ ಮನೆಗೆ ಹೋಗ್ತಿದೀನಿ. ಬೆಳಿಗ್ಗೆ ಹೇಳಿದ್ದು ಇದನ್ನೇ."

"ಎಷ್ಟು ದಿನಕ್ಕೆ?"

ಅವಳು ತಿರುಗಿದಳು. ಒಮ್ಮೆಲೇ ಕಟ್ಟೆಯೊಡೆಯಿತು. ವರ್ಷಗಳಿಂದ ನುಂಗಿದ್ದೆಲ್ಲ ಹೊರಬಂತು. ದನಿ ಏರಿತು, ಒಡೆಯಿತು. ಅವನಿಗೆ ಹೆದರಿಕೆಯಾಯಿತು, ಇವಳು ನಿಜಕ್ಕೂ ಹೋಗುತ್ತಾಳೆ. ಆದರೂ ತಲೆಯಾಡಿಸಬೇಕಾದ ಕಡೆಯೆಲ್ಲ ಸರಿಯಾಗಿ ತಲೆಯಾಡಿಸಿದ.

"ಬೈಯೋದಕ್ಕಾದ್ರೂ ಬಾಯಿ ಬಿಡಿ!"

"ನೋಡೋಣ" ಎಂದ.

ಅವಳು ಒದ್ದೆ ಕೈಯಲ್ಲೇ ಚೀಲ ಎತ್ತಿಕೊಂಡು ಹೋದಳು. ಬಾಗಿಲು ತೆರೆದೇ ಉಳಿಯಿತು, ನಲ್ಲಿಯೂ.

ಕರೆಯಬೇಕೆನಿಸಿತು. ಜೇಬಿಗೆ ಹೋದ ಕೈಗೆ ಮುಚ್ಚಳ ಸಿಕ್ಕಿತು. ಸುಮ್ಮನೆ ಕಿರುಬೆರಳಿಗೆ ತೊಡಿಸಿದ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಬೆರಳನ್ನು ನಲ್ಲಿಯ ಕೆಳಗೆ ಹಿಡಿದ. ಮೆಟ್ಟಿಲಲ್ಲಿ ಅವಳ ಹೆಜ್ಜೆ ಇನ್ನೂ ಕೇಳಿಸುತ್ತಿತ್ತು. ನೀರು ರಭಸದಿಂದ ಸುರಿಯಿತು. ಬೆರಳ ತುದಿ ಒಣಗಿಯೇ ಇತ್ತು.