ಜಾಡಿಗೊಂದು ಚೀಟಿ

ಶ್ರೀನಿವಾಸಪುರದ ಸುತ್ತ ಮಾವಿನಕಾಯಿಗೆ ಬರವಿಲ್ಲ. ಬರ ಇರುವುದು ಅದನ್ನು ಒರೆಸಿ, ಹೆಚ್ಚಿ, ನೆರಳಲ್ಲಿ ಆರಿಸುವ ತಾಳ್ಮೆಗೆ. ಭಾರತಮ್ಮನ ಮಹಿಳಾ ಸಂಘದಲ್ಲಿ ಆ ತಾಳ್ಮೆ ಇತ್ತು. ಹೆಂಗಸರು ತಂತಮ್ಮ ಮನೆಯಲ್ಲಿ ಕಾಯಿ ಹೆಚ್ಚಿ, ಖಾರ ಕುಟ್ಟಿ ತಂದು, ಎಲ್ಲವನ್ನೂ ಭಾರತಮ್ಮನ ಅಂಗಳದ ಒಂದೇ ಕೊಪ್ಪರಿಗೆಗೆ ಸುರಿಯುತ್ತಿದ್ದರು. ಸಂಘ ಅಂದಮೇಲೆ ನಿನ್ನದು ನನ್ನದು ಏನು ಎನ್ನುವುದು ಅವರ ಮಾತು.

ಕೊನೆಗೆ ಭಾರತಮ್ಮ ತನ್ನ ಅತ್ತೆಯ ಕಾಲದ ಜಾಡಿಯಿಂದ ಹಳೆಯ ಉಪ್ಪಿನಕಾಯಿ ಒಂದು ಸೌಟು ತೆಗೆದು ಕೊಪ್ಪರಿಗೆಗೆ ಹಾಕಿ ಕಲೆಸಬೇಕು. ರುಚಿ ಬರುವುದೇ ಅದರಿಂದ ಎಂದು ಆಕೆಯ ನಂಬಿಕೆ. ಆ ಜಾಡಿ ಎಂದೂ ಖಾಲಿಯಾಗಬಾರದು ಎಂದು ಪ್ರತಿವರ್ಷ ಹೊಸದನ್ನು ಹಳೆಯದರ ಮೇಲೇ ತುಂಬುತ್ತಿದ್ದಳು. ಊರಲ್ಲಿ ಯಾರೂ ಎದುರಾಡುತ್ತಿರಲಿಲ್ಲ, ಭಾರತಮ್ಮನಿಗೆ ಎದುರಾಡಿ ಯಾರಿಗೂ ಅಭ್ಯಾಸವಿರಲಿಲ್ಲ.

ಬಾಟಲಿಗಳು ಮುಳಬಾಗಿಲಿನ ಹೆದ್ದಾರಿ ಪಕ್ಕದ ಚಿತ್ರಾಳ ಅಂಗಡಿಗೆ, ಅಲ್ಲಿಂದ ಸುತ್ತಲಿನ ಅಂಗಡಿಗಳಿಗೆ ಹೋಗುತ್ತಿದ್ದವು. ಎರಡು ಸಾವಿರದ ಏಳರ ಮಳೆಗಾಲದಲ್ಲಿ ಚಿತ್ರಾ ಅವನ್ನೆಲ್ಲ ಟೆಂಪೋದಲ್ಲಿ ಹಾಕಿಕೊಂಡು ವಾಪಸ್ ಬಂದಳು. ಕೆಲವು ಬಾಟಲಿಗಳ ಮುಚ್ಚಳ ಉಬ್ಬಿತ್ತು, ಎಣ್ಣೆ ಹೊರಗೆ ಬಂದಿತ್ತು.

"ಇದು ಯಾವತ್ತು ಹಾಕಿದ್ದು ಅಕ್ಕಾ? ಯಾರ ಮನೆ ಕಾಯಿ?" ಎಂದು ಕೇಳಿದಳು.

"ಎಲ್ಲಾ ಒಂದೇ ಕೊಪ್ಪರಿಗೆ ಕಣಮ್ಮ. ಯಾರದು ಅಂತ ಹೇಳೋಣ?" ಎಂದಳು ಭಾರತಮ್ಮ.

"ಕೆಟ್ಟಿರೋದು ಸ್ವಲ್ಪಾನೇ. ಆದ್ರೆ ಯಾವ್ದು ಕೆಟ್ಟಿದೆ, ಯಾವ್ದು ಕೆಡುತ್ತೆ ಅಂತ ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ. ಗೊತ್ತಿಲ್ದೇ ಇರೋದನ್ನ ಮಕ್ಕಳಿರೋ ಮನೆಗೆ ಹೆಂಗೆ ಮಾರಲಿ?"

ಅಷ್ಟನ್ನೂ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು.

ಆಮೇಲೆ ಸಂಘದ ಮುನಿಯಲ್ಲಮ್ಮನ ಮೇಲೆ ಮಾತು ಶುರುವಾಯಿತು. "ಮುನಿಯಲ್ಲಮ್ಮನ ಮನೆ ಸೋರ್ತದೆ. ನೀರು ಬಿದ್ದ ಕಾಯಿ ತಂದವ್ಳೆ" ಎಂದರು. ಅವಳ ಮುಖದ ಮುಂದೆ ಯಾರೂ ಅನ್ನಲಿಲ್ಲ, ಕರೆಯುವುದನ್ನು ಬಿಟ್ಟರು ಅಷ್ಟೇ. ಮದುವೆ ಮನೆಯಲ್ಲಿ ಈಳಿಗೆಮಣೆ ಮುಂದೆ ಕೂತರೆ, "ನೀನು ಬಿಡು, ಎಲೆ ಎತ್ತುವಂತೆ" ಎಂದರು. ಅಡುಗೆಗೆ ಕೈ ಹಾಕಬಾರದವಳು ಎನಿಸಿಕೊಂಡು ಅವಳು ಟೊಮೆಟೊ ತೋಟಕ್ಕೆ ಕೂಲಿಗೆ ಹೋಗತೊಡಗಿದಳು. ಅವಳದೇ ತಪ್ಪು ಎಂದು ಯಾರಿಗೂ ಗೊತ್ತಿರಲಿಲ್ಲ, ಅಲ್ಲವೆಂದು ತೋರಿಸಲು ಅವಳ ಬಳಿಯೂ ಏನೂ ಇರಲಿಲ್ಲ.

ಮರುವರ್ಷ ಚಿತ್ರಾ ಒಂದು ಷರತ್ತು ತಂದಳು. "ಆಹಾರಕ್ಕೆ ಹೊಸ ಕಾಯ್ದೆ ಆಗಿದೆ ಅಕ್ಕ. ನಿಯಮ ಇನ್ನೂ ತಯಾರಾಗ್ತಿದೆ, ಅದು ಬರೋ ಹೊತ್ತಿಗೆ ನಾವೂ ಕಲಿತಿರೋಣ. ಒಂದೇ ಕೊಪ್ಪರಿಗೆ ಬೇಡ. ಜಾಡಿ ಜಾಡಿ ಬೇರೆ ಮಾಡಿ, ಪ್ರತಿ ಜಾಡಿಗೂ ಒಂದು ಚೀಟಿ ಅಂಟಿಸಿ. ಯಾವತ್ತು ಹಾಕಿದ್ದು, ಕಾಯಿ ಯಾರದು, ಖಾರ, ಎಣ್ಣೆ ಎಲ್ಲಿಂದ ಬಂತು, ಒಳಗೆ ಏನೇನು ಬಿತ್ತು, ಅಷ್ಟೂ ಇರ್ಲಿ. ಜಾಡಿ ನಂಬರು ಬಾಟಲಿ ಮೇಲೂ ಬರಲಿ. ಯಾವ ನಂಬರು ಯಾವ ಅಂಗಡಿಗೆ ಹೋಯ್ತು ಅಂತ ನಾನು ಬರ್ಕೊತೀನಿ."

"ಬರೆಯೋದು ಅಂದ್ರೆ ನಂಬಿಕೆ ಇಲ್ಲ ಅಂತ ತಾನೆ? ನಾವೇನು ಕಳ್ಳರಾ?" ಎಂದಳು ಭಾರತಮ್ಮ.

"ಕಳ್ಳರಿಗಲ್ಲಕ್ಕಾ. ತಪ್ಪು ಮಾಡ್ದೇ ಇರೋರಿಗೆ ಬೇಕು ಇದು."

ಭಾರತಮ್ಮನಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಚಿತ್ರಾಳ ಅಂಗಡಿ ಬಿಟ್ಟರೆ ಬೇರೆ ದಾರಿಯೂ ಇರಲಿಲ್ಲ. ಬರೆಯುವ ಕೆಲಸ ಸೊಸೆ ರಂಜಿತಳ ಪಾಲಿಗೆ ಬಂತು. ಅತ್ತೆ ಹಳೆಯ ಜಾಡಿಯಿಂದ ಸೌಟು ತೆಗೆದು ಹೊಸ ಜಾಡಿಗೆ ಹಾಕಿದಾಗ ಅವಳು ಅದನ್ನೂ ಬರೆದಳು.

"ಅದನ್ನೂ ಬರೀತೀಯೇನೇ? ನಾಳೆ ನಾನು ಕೆಮ್ಮಿದ್ದೂ ಬರೀತೀಯ" ಎಂದು ಭಾರತಮ್ಮ ನಕ್ಕಳು. "ಪೋನೀಲೇ, ಹೋಗ್ಲಿ, ಬರ್ಕೊ."

ನಡುವೆ ಭಾರತಮ್ಮ ಕುರುಡುಮಲೆಗೆ ನೆಂಟರ ಮದುವೆಗೆ ಹೋದಳು. ಆಕೆಯ ಜಾಡಿಯನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಆ ದಿನಗಳ ಉಪ್ಪಿನಕಾಯಿಗೆ ಸೌಟು ಬೀಳಲಿಲ್ಲ.

ಮಳೆಗಾಲದಲ್ಲಿ ಮತ್ತೆ ಮುಚ್ಚಳಗಳು ಉಬ್ಬಿದವು. ಈ ಸಲ ಚಿತ್ರಾ ಎಲ್ಲವನ್ನೂ ಹೊತ್ತು ತರಲಿಲ್ಲ. ಉಬ್ಬಿದವುಗಳ ನಂಬರು ತಂದಳು, ಅದೇ ನಂಬರಿನ ಉಳಿದ ಬಾಟಲಿಗಳನ್ನೂ ಅಂಗಡಿಗಳಿಂದ ತೆಗೆಸಿದ್ದಳು. ರಂಜಿತ ಆ ನಂಬರಿನ ಚೀಟಿಗಳನ್ನು ಒಂದೊಂದಾಗಿ ಓದಿದಳು. ಕಾಯಿ ಬೇರೆ ಬೇರೆ ಮನೆಯದು, ಖಾರ ಬೇರೆ, ಎಣ್ಣೆ ಬೇರೆ. ಎಲ್ಲದರಲ್ಲೂ ಇದ್ದದ್ದು ಒಂದೇ ಒಂದು: ಹಳೆಯದು, ಒಂದು ಸೌಟು. ಭಾರತಮ್ಮ ಊರಲ್ಲಿಲ್ಲದಾಗ ಹಾಕಿದ ಜಾಡಿಗಳು ಒಂದೂ ಕೆಟ್ಟಿರಲಿಲ್ಲ.

ರಂಜಿತ ಓದುವುದನ್ನು ನಿಲ್ಲಿಸಿದಳು. ಭಾರತಮ್ಮ ತಾನೇ ಎದ್ದು ಹೋಗಿ ಹಳೆಯ ಜಾಡಿಯನ್ನು ಅಂಗಳಕ್ಕೆ ತಂದು ಬಗ್ಗಿಸಿದಳು. ತಳದಲ್ಲಿ ಬೂಷ್ಟು ಕಟ್ಟಿತ್ತು. ಅತ್ತೆ ತೀರಿಕೊಂಡ ಮೇಲೆ ಅದನ್ನು ಯಾರೂ ತೊಳೆದಿರಲಿಲ್ಲ.

"ಹೋದ ವರ್ಷಾನೂ ಇದೇ ಸೌಟು" ಎಂದಳು ಭಾರತಮ್ಮ. ಆಕೆಗೆ ನಾಚಿಕೆಯಾಗಿತ್ತು. ಸಂಘದ ಹೆಂಗಸರನ್ನೆಲ್ಲ ಜೊತೆಗೆ ಕರೆದುಕೊಂಡು ಮುನಿಯಲ್ಲಮ್ಮನ ಮನೆಗೆ ನಡೆದಳು.

"ಕೆಡಿಸಿದ್ದು ನಾನು ಕಣೇ. ಎಲ್ಲರ ಮುಂದೆ ಹೇಳ್ತಿದೀನಿ. ತಿರುಗಿ ಬಾ."

"ಒಂದು ವರ್ಷ ನನ್ನ ಕೈ ಕೆಟ್ಟದ್ದು ಅಂತ ನಾನೇ ನಂಬಿದ್ದೆ ಅಕ್ಕ" ಎಂದಳು ಮುನಿಯಲ್ಲಮ್ಮ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು, "ಬರ್ತೀನಿ. ಆದ್ರೆ ನನ್ನ ಕಾಯಿ ಬಿದ್ದ ಜಾಡಿ ಮೇಲೆ ನನ್ನ ಹೆಸ್ರು ದಪ್ಪಕ್ಷರದಲ್ಲಿ ಬರೀಬೇಕು."

ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿ ಮಾಡಿ ಮಾರುವ ಅಕ್ಕ ತಂಗಿಯರೇ, ಅಣ್ಣಂದಿರೇ, ಯಾರಿಂದ ತಂದಿರಿ, ಯಾವತ್ತು ಮಾಡಿದಿರಿ, ಯಾರಿಗೆ ಕೊಟ್ಟಿರಿ ಎಂಬುದನ್ನು ಇವತ್ತಿನಿಂದಲೇ ಬರೆದಿಡಿ. ಬರೆಯಲು ಬಾರದಿದ್ದರೆ ಬಲ್ಲವರಿಂದ ಬರೆಸಿ. ಏನಾದರೂ ಕೆಟ್ಟರೆ ಕೆಟ್ಟದ್ದನ್ನಷ್ಟೇ ವಾಪಸ್ ತರಿಸಬಹುದು, ಉಳಿದದ್ದು ಉಳಿಯುತ್ತದೆ. ಚೀಟಿ ಇಲ್ಲದ ಊರಿನಲ್ಲಿ ಉಪ್ಪಿನಕಾಯಿ ಕೆಟ್ಟಾಗ ಯಾರೋ ಒಬ್ಬ ಮುನಿಯಲ್ಲಮ್ಮನ ಹೆಸರು ಕೆಡುತ್ತದೆ.